ರಕ್ತದಲ್ಲಿ ಮಾಟ: ಸೇಲಂ ದಾಖಲೆಗಳೂ ಒಂದು ಕಾದಂಬರಿಯೂ

ಹಳೆಯ ಮನೆ, ಅದರ ಮೂಲೆಯಲ್ಲಿ ಸಿಕ್ಕ ಕಾಗದದ ಚೂರು, ಆ ಚೂರಿನ ಬೆನ್ನು ಹತ್ತಿ ದಾಖಲೆಗಳ ಕಪಾಟು ತಡಕುವ ಸಂಶೋಧಕಿ, ಕೊನೆಗೆ ಹೊರಬೀಳುವ ಮನೆತನದ ಗುಟ್ಟು. ಈ ಬಗೆಯ ಕಾದಂಬರಿಗೆ ಓದುಗರ ಬರ ಬಂದದ್ದಿಲ್ಲ. ಕನ್ನಡದಲ್ಲೂ ಭೈರಪ್ಪನವರ ‘ಆವರಣ’ದ (2007) ನಾಯಕಿ ತಂದೆ ತೀರಿಕೊಂಡ ಮೇಲೆ ಊರಿನ ಮನೆಗೆ ಹೋಗುತ್ತಾಳೆ, ಅವರು ಕೂಡಿಟ್ಟ ಪುಸ್ತಕ, ಟಿಪ್ಪಣಿಗಳನ್ನು ಓದುತ್ತ ತಾನೇ ಒಂದು ಐತಿಹಾಸಿಕ ಕಾದಂಬರಿ ಬರೆಯುತ್ತಾಳೆ. ಆ ಕೃತಿಯ ನಿಲುವನ್ನು ಒಪ್ಪುವವರೂ ಒಪ್ಪದವರೂ ಅದರೊಳಗಿನ ಆಧಾರಗ್ರಂಥಗಳ ಪಟ್ಟಿಯನ್ನು ಮಾತ್ರ ಕಡೆಗಣಿಸುವಂತಿಲ್ಲ. ಆಧಾರ ಮುಂದಿಟ್ಟು ಬರೆದ ಕಾದಂಬರಿಯ ಯಾವ ಮಾತಿಗೆ ದಾಖಲೆ ಜಾಮೀನು ನಿಲ್ಲುತ್ತದೆ, ಯಾವುದಕ್ಕೆ ನಿಲ್ಲುವುದಿಲ್ಲ ಎನ್ನುವುದು ಹಾಗಾಗಿ ನಮಗೂ ಸಂಬಂಧಪಟ್ಟ ಪ್ರಶ್ನೆ. ಅದನ್ನು ದೂರದ ಒಂದು ಕೃತಿಯ ಮೂಲಕ ನೋಡಲು ಕಾರಣವಿದೆ. ಆ ಕೃತಿಯ ಹಿಂದಿರುವ ಕಾಗದಪತ್ರಗಳು ಮುನ್ನೂರು ವರ್ಷ ದಾಟಿ ರಾಶಿ ರಾಶಿಯಾಗಿ ಉಳಿದುಬಂದಿವೆ, ಅಚ್ಚಾಗಿವೆ. ಕಾದಂಬರಿ ಎಲ್ಲಿ ದಾಖಲೆಯ ಕೈ ಹಿಡಿದಿದೆ, ಎಲ್ಲಿ ಬಿಟ್ಟಿದೆ ಎಂದು ತಾಳೆ ನೋಡುವುದು ಇಲ್ಲಿ ಸಾಧ್ಯ.

ಕೃತಿ, ಕ್ಯಾಥರೀನ್ ಹೋವ್ ಅವರ ‘ದಿ ಫಿಸಿಕ್ ಬುಕ್ ಆಫ್ ಡೆಲಿವರೆನ್ಸ್ ಡೇನ್’. ಡೆಲಿವರೆನ್ಸ್ ಡೇನ್ ಎಂಬಾಕೆಯ ಮದ್ದಿನ ಪುಸ್ತಕ ಎನ್ನಬಹುದು. 2009ರಲ್ಲಿ ಪ್ರಕಟವಾಯಿತು, ಬರೆಯುವ ಹೊತ್ತಿಗೆ ಲೇಖಕಿ ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ವಿದ್ಯಾರ್ಥಿನಿ. 1692ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಸಾಹತಿನ ಸೇಲಂನಲ್ಲಿ (ನಮ್ಮ ನೆರೆಯ ತಮಿಳುನಾಡಿನ ಸೇಲಂ ಅಲ್ಲ) ನಡೆದ ಮಾಟಗಾತಿ ವಿಚಾರಣೆಗಳಲ್ಲಿ ಸಿಕ್ಕಿಬಿದ್ದ ಎಲಿಜಬೆತ್ ಹೋವ್ ಮತ್ತು ಎಲಿಜಬೆತ್ ಪ್ರಾಕ್ಟರ್ ಎಂಬಿಬ್ಬರ ವಂಶದವರು ತಾವೆಂದು ಅವರು ಹೇಳಿಕೊಂಡಿದ್ದಾರೆ. ಕಥೆಯ ನಾಯಕಿ ಕಾನಿ ಗುಡ್‌ವಿನ್ ಹಾರ್ವರ್ಡ್‌ನಲ್ಲಿ ಇತಿಹಾಸದ ಸಂಶೋಧಕಿ. ಕಾಲ 1991. ಮಾರ್ಬಲ್‌ಹೆಡ್ ಎಂಬ ಕಡಲತೀರದ ಊರಿನಲ್ಲಿ ಬೀಗ ಹಾಕಿ ಬಿದ್ದಿರುವ ಅಜ್ಜಿಯ ಮನೆಯನ್ನು ಮಾರಾಟಕ್ಕೆ ಅಣಿಗೊಳಿಸಲು ತಾಯಿ ಅವಳನ್ನು ಕಳಿಸುತ್ತಾಳೆ. ಅಲ್ಲಿನ ಹಳೆಯ ಬೈಬಲ್ಲಿನೊಳಗೆ ಒಂದು ಬೀಗದ ಕೈ, ಜೊತೆಗೆ ಡೆಲಿವರೆನ್ಸ್ ಡೇನ್ ಎಂದು ಬರೆದ ಚೀಟಿ. ಹೆಸರಿನ ಹಿಂದೆ ಬಿದ್ದ ಕಾನಿಗೆ ಆ ಹೆಂಗಸು ಮಾಟದ ಆರೋಪಕ್ಕೆ ಗುರಿಯಾದವಳೆಂದೂ ಅವಳ ಬಳಿ ಮದ್ದು ಮಂತ್ರಗಳ ಒಂದು ಪುಸ್ತಕವಿತ್ತೆಂದೂ ಗೊತ್ತಾಗುತ್ತದೆ. ಪುಸ್ತಕದ ಮೇಲೆ ಕಾನಿಯ ಮಾರ್ಗದರ್ಶಕನ ಕಣ್ಣೂ ಬೀಳುತ್ತದೆ. ನಡುನಡುವೆ ಕಥೆ ಹದಿನೇಳು, ಹದಿನೆಂಟನೆಯ ಶತಮಾನಗಳಿಗೆ ಹೋಗಿ ಬರುತ್ತದೆ. ಕೊನೆಗೆ ಎರಡು ಸಂಗತಿ ಬಯಲಾಗುತ್ತವೆ: ಡೆಲಿವರೆನ್ಸ್ ಕಾನಿಯದೇ ಹಿರಿಯಜ್ಜಿ, ಮತ್ತು ಅವಳ ಮಾಟ ನಿಜವಾದದ್ದು, ತಾಯಿಯಿಂದ ಮಗಳಿಗೆ ಇಳಿದುಬಂದು ಕಾನಿಯ ಕೈಬೆರಳವರೆಗೂ ಬಂದಿರುವಂಥದ್ದು. ನನ್ನ ವಾದ ಇಷ್ಟೇ. ಈ ಕಾದಂಬರಿಯ ಸಂಶೋಧನೆ ಆರೋಪಿ ಹೆಂಗಸರ ಕಡೆ ನಿಂತಿದೆ. ಅದರ ಮಾಟ ಮಾತ್ರ, ತನಗೇ ಅರಿವಿಲ್ಲದಂತೆ, ಅವರನ್ನು ಗಲ್ಲಿಗೇರಿಸಿದ ನ್ಯಾಯಾಲಯದ ಕಡೆ ನಿಂತಿದೆ.

ಮೊದಲು ಸಂಶೋಧನೆಯ ಮಾತು, ಏಕೆಂದರೆ ಕೃತಿಯ ಸತ್ವವೆಲ್ಲ ಅಲ್ಲಿದೆ. ಕಾನಿಗೆ ತನ್ನ ಹಿರಿಯಜ್ಜಿ ಯಾರೆಂದು ತಿಳಿಯದಿದ್ದದ್ದು ಯಾರೋ ಮುಚ್ಚಿಟ್ಟದ್ದರಿಂದ ಮಾತ್ರವಲ್ಲ. ದಾಖಲೆ ಬರೆಯುವ ಪದ್ಧತಿಯೇ ಆ ಗುಟ್ಟನ್ನು ಕಾಪಾಡಿಕೊಂಡು ಬಂದಿತ್ತು. ಇಂಗ್ಲಿಷರ ವಸಾಹತಿನಲ್ಲಿ ಮದುವೆಯಾದ ಹೆಣ್ಣು ಗಂಡನ ಮನೆತನದ ಹೆಸರು ಹೊರುತ್ತಿದ್ದಳು; ಮಗಳು ಮದುವೆಯಾದರೆ ಮತ್ತೆ ಹೆಸರು ಬದಲು. ಮೂರು ತಲೆಮಾರು ಕಳೆಯುವಷ್ಟರಲ್ಲಿ ತಾಯಿಯ ಸಾಲು ಕಡತದಲ್ಲಿ ಕಣ್ಮರೆ. ಮದುವೆಯಾದ ಹೆಂಗಸಿನ ಹೆಸರಿಗೆ ಆಸ್ತಿ ಇರುತ್ತಿದ್ದದ್ದು ಅಪರೂಪ, ಹಾಗಾಗಿ ಉಯಿಲೂ ಅಪರೂಪ. ಉಳಿಯುವುದು ಗಂಡ ಸತ್ತಾಗ ಮನೆಯ ಸಾಮಾನು ಸರಂಜಾಮುಗಳನ್ನು ಬೆಲೆ ಕಟ್ಟಿ ಬರೆದಿಟ್ಟ ಪಟ್ಟಿಗಳು, ಚರ್ಚಿನ ಸದಸ್ಯತ್ವದ ಪುಸ್ತಕ, ಮಾನನಷ್ಟದ ಮೊಕದ್ದಮೆಗಳು. ಕಾನಿ ಹುಡುಕುವುದು ಇವನ್ನೇ. ಮದ್ದಿನ ಪುಸ್ತಕ ಮಗಳಿಂದ ಮೊಮ್ಮಗಳಿಗೆ, ಅಲ್ಲಿಂದ ಗ್ರಂಥಾಲಯಕ್ಕೆ, ಮತ್ತೆ ಹರಾಜಿಗೆ ಸಾಗುವಾಗ ಪ್ರತಿ ಗುಮಾಸ್ತನೂ ಅದಕ್ಕೆ ತನಗೆ ತೋಚಿದ ಹೆಸರು ಕೊಟ್ಟು ಬರೆದುಕೊಂಡಿರುತ್ತಾನೆ, ಅದಕ್ಕೇ ಅದು ಸಿಗುವುದಿಲ್ಲ. ಸಂಶೋಧನೆಯ ಬೇಸರ, ಅಡ್ಡದಾರಿ, ಊಹೆ ಸುಳ್ಳಾದಾಗಿನ ಮುಜುಗರ ಎಲ್ಲವೂ ಇಲ್ಲಿ ಕಥೆಯ ವೇಗಕ್ಕೆ ಸೇರಿಕೊಂಡಿವೆ. ಹದಿನೆಂಟನೆಯ ಶತಮಾನದ ಒಬ್ಬ ವಂಶಜೆಯ ಒಣ ದಿನಚರಿಯನ್ನು ಕಾನಿ ಓದುವ ಭಾಗ ಬಂದಾಗ ಲಾರೆಲ್ ಥ್ಯಾಚರ್ ಉಲ್ರಿಕ್ ಅವರ ‘ಎ ಮಿಡ್‌ವೈಫ್ಸ್ ಟೇಲ್’ (1990) ನೆನಪಾಗದಿರದು. ಮಾರ್ಥಾ ಬ್ಯಾಲರ್ಡ್ ಎಂಬ ಸೂಲಗಿತ್ತಿ 1785ರಿಂದ 1812ರವರೆಗೆ ದಿನವೂ ಬರೆದ ಹವಾಮಾನ, ಹೆರಿಗೆ, ನೇಯ್ಗೆಯ ಲೆಕ್ಕಗಳನ್ನು ಹಿಂದಿನವರು ನಿಸ್ಸಾರವೆಂದು ಬದಿಗಿಟ್ಟಿದ್ದರು. ಉಲ್ರಿಕ್ ಅದೇ ಲೆಕ್ಕಗಳಿಂದ ಇಡೀ ಊರಿನ ಬದುಕನ್ನು ಎತ್ತಿ ನಿಲ್ಲಿಸಿದರು. ಹೋವ್ ಆ ಇತಿಹಾಸಕಾರ್ತಿಯರ ಪರಂಪರೆಯಲ್ಲಿ ಬೆಳೆದವರು. ಗಂಡಸರ ಕಡತದಲ್ಲಿ ಹೆಂಗಸರ ಸಾಲನ್ನು ಬಿಡಿಸುವ ಈ ಕೆಲಸ ಕಾದಂಬರಿಯ ಮೊದಲ ಮುಕ್ಕಾಲು ಭಾಗವನ್ನು ಹೊತ್ತು ನಿಂತಿದೆ. ಅಲ್ಲಿಗೇ ನಿಂತಿದ್ದರೆ ನಾನು ಈ ಉಪನ್ಯಾಸದಲ್ಲಿ ಮೆಚ್ಚುಗೆಯ ಮಾತನ್ನಷ್ಟೇ ಆಡಬೇಕಾಗುತ್ತಿತ್ತು.

ಇನ್ನು ಸೇಲಂ. 1692ರ ಚಳಿಗಾಲದಲ್ಲಿ ಸೇಲಂ ಗ್ರಾಮದ ಪಾದ್ರಿ ಸ್ಯಾಮ್ಯುಯಲ್ ಪ್ಯಾರಿಸ್‌ನ ಮನೆಯಲ್ಲಿ ಅವನ ಮಗಳಿಗೂ ಸೋದರ ಸಂಬಂಧದ ಹುಡುಗಿಗೂ ವಿಚಿತ್ರ ಸೆಳವು ಶುರುವಾಯಿತು. ಮೊದಲು ಮೂವರು ಹೆಂಗಸರ ಮೇಲೆ ದೂರು ಬಂತು: ಮನೆಯ ಗುಲಾಮಳಾಗಿದ್ದ ಟಿಟುಬಾ, ಭಿಕ್ಷೆ ಎತ್ತುತ್ತಿದ್ದ ಸಾರಾ ಗುಡ್, ಕಾಯಿಲೆ ಬಿದ್ದಿದ್ದ ಸಾರಾ ಆಸ್ಬರ್ನ್. ಬೇಸಿಗೆ ಮುಗಿಯುವ ಹೊತ್ತಿಗೆ ದೂರು ನೂರು ದಾಟಿತು. ಮೇ ತಿಂಗಳಲ್ಲಿ ಹೊಸ ಗವರ್ನರ್ ವಿಲಿಯಂ ಫಿಪ್ಸ್ ವಿಶೇಷ ನ್ಯಾಯಾಲಯ ನೇಮಿಸಿದ, ವಿಲಿಯಂ ಸ್ಟೌಟನ್ ಮುಖ್ಯ ನ್ಯಾಯಾಧೀಶನಾದ. ಜೂನ್ 10ರಂದು ಬ್ರಿಜೆಟ್ ಬಿಷಪ್‌ಳಿಂದ ಮೊದಲಾಗಿ ಸೆಪ್ಟೆಂಬರ್ 22ರವರೆಗೆ 19 ಮಂದಿಯನ್ನು ನೇಣಿಗೆ ಹಾಕಿದರು. ವಿಚಾರಣೆಗೆ ಒಪ್ಪದ ಗೈಲ್ಸ್ ಕೋರಿ ಎಂಬ ಮುದುಕನನ್ನು ಎದೆಯ ಮೇಲೆ ಕಲ್ಲು ಹೇರಿ ಕೊಂದರು. ಕೆಲವರು ಸೆರೆಮನೆಯಲ್ಲೇ ಸತ್ತರು. ಆರೋಪಿಯ ಆಕೃತಿ ಪ್ರೇತದಂತೆ ಬಂದು ತನ್ನನ್ನು ಹಿಂಡುತ್ತಿದೆ ಎಂದು ಬೇನೆ ಬಿದ್ದವರು ಹೇಳಿದರೆ ನ್ಯಾಯಾಲಯ ಅದನ್ನೂ ಸಾಕ್ಷಿಯೆಂದು ಕೇಳುತ್ತಿತ್ತು. ಇದರ ಮೇಲೆ ಬಂದ ಪುಸ್ತಕಗಳು ಅಸಂಖ್ಯ. ಬಾಯರ್ ಮತ್ತು ನಿಸೆನ್‌ಬಾಮ್ (1974) ಊರಿನೊಳಗಿನ ಎರಡು ಬಣಗಳ ಜಗಳದಲ್ಲಿ ಕಾರಣ ಹುಡುಕಿದರು, ಮೇರಿ ಬೆತ್ ನಾರ್ಟನ್ (2002) ಗಡಿಯ ಯುದ್ಧದ ಭಯದಲ್ಲಿ, ಕ್ಯಾರಲ್ ಕಾರ್ಲ್‌ಸನ್ (1987) ಅಣ್ಣತಮ್ಮ, ಗಂಡುಮಕ್ಕಳಿಲ್ಲದೆ ಆಸ್ತಿಗೆ ಬಾಧ್ಯಸ್ಥರಾಗಬಹುದಾಗಿದ್ದ ಹೆಂಗಸರ ಮೇಲಿನ ಕಣ್ಣುರಿಯಲ್ಲಿ. ದಾಖಲೆಗಳೆಲ್ಲವನ್ನೂ ಕಾಲಕ್ರಮದಲ್ಲಿ ಜೋಡಿಸಿ ಬರ್ನಾರ್ಡ್ ರೋಸೆಂಥಾಲ್ ಮತ್ತು ಸಂಗಡಿಗರು ಹೊರತಂದ ಬೃಹತ್ ಸಂಪುಟ ಈ ಕಾದಂಬರಿ ಬಂದ ವರ್ಷವೇ ಬಂತು. ಕಾರಣಗಳ ಬಗ್ಗೆ ಜಗಳ ಮುಗಿದಿಲ್ಲ, ಮುಗಿಯಬೇಕಾಗಿಯೂ ಇಲ್ಲ. ನನ್ನ ವಾದಕ್ಕೆ ಬೇಕಾದ್ದು ಆ ಕಡತಗಳಲ್ಲಿ ಮತ್ತೆ ಮತ್ತೆ ಕಾಣುವ ಎರಡು ಸಂಗತಿ ಮಾತ್ರ.

ಒಂದು, ಮಾಟ ರಕ್ತದಲ್ಲಿ ಹರಿದುಬರುತ್ತದೆ ಎಂಬ ನಂಬಿಕೆ. ಇದು ಆರೋಪ ಹೊರಿಸಿದವರದು. ರೆಬೆಕಾ ನರ್ಸ್ ಸಿಕ್ಕಿಬಿದ್ದ ಮೇಲೆ ಅವಳ ತಂಗಿಯರಾದ ಮೇರಿ ಈಸ್ಟಿ, ಸಾರಾ ಕ್ಲಾಯ್ಸ್ ಇಬ್ಬರೂ ಸಿಕ್ಕಿಬಿದ್ದರು. ಅವರ ತಾಯಿಯ ಮೇಲೂ ಹಿಂದೆ ಇದೇ ಗುಮಾನಿ ಇತ್ತೆಂಬ ಮಾತು ಅಲ್ಲಿ ಓಡಾಡಿದೆ. ಎಲಿಜಬೆತ್ ಪ್ರಾಕ್ಟರ್‌ಳ ಅಜ್ಜಿ ಆನ್ ಬರ್ಟ್ ಲಿನ್ ಎಂಬ ಊರಿನಲ್ಲಿ ಮದ್ದು ಕೊಡುತ್ತಿದ್ದವಳು, 1669ರಲ್ಲಿ ಅವಳ ಮೇಲೆ ಮಾಟದ ದೂರಾಗಿತ್ತು; ಇಪ್ಪತ್ತಮೂರು ವರ್ಷದ ಮೇಲೆ ಮೊಮ್ಮಗಳನ್ನು ಕಟಕಟೆಗೆ ತಂದಾಗ ಊರು ಅದನ್ನು ಮರೆತಿರಲಿಲ್ಲ. ಸಾರಾ ಗುಡ್‌ಳ ನಾಲ್ಕೈದು ವರ್ಷದ ಮಗಳು ಡೊರೊಥಿಯನ್ನು ಸೆರೆಮನೆಗೆ ಹಾಕಿದರು, ಆ ಕೂಸಿಗೂ ಸರಪಳಿ ತೊಡಿಸಿದರು. ಹದಿನೆಂಟು ವರ್ಷದ ಮೇಲೆ ಪರಿಹಾರ ಕೇಳಿ ಬರೆದ ಅರ್ಜಿಯಲ್ಲಿ ಅವಳ ತಂದೆ, ಮಗಳು ಅಂದಿನಿಂದ ಬುದ್ಧಿ ಸ್ಥಿಮಿತಕ್ಕೆ ಬರಲಿಲ್ಲ ಎನ್ನುತ್ತಾನೆ. ಮಾರ್ಥಾ ಕ್ಯಾರಿಯರ್‌ಳ ಏಳೆಂಟು ವರ್ಷದ ಮಗಳ ಹೇಳಿಕೆ ಇನ್ನೂ ಭಯಂಕರ: ತನ್ನನ್ನು ಮಾಟಗಾತಿ ಮಾಡಿದವಳು ಅಮ್ಮನೇ, ಪುಸ್ತಕವೊಂದಕ್ಕೆ ಕೈ ಮುಟ್ಟಿಸಿದಳು ಎಂದು ಮಗುವಿನ ಬಾಯಲ್ಲಿ ಹೇಳಿಸಿ ಬರೆದುಕೊಂಡಿದ್ದಾರೆ. ತಾಯಿಯಿಂದ ಮಗಳಿಗೆ ದಾಟುವ ಮಾಟ, ಜೊತೆಗೊಂದು ಪುಸ್ತಕ. ಸೇಲಂ ಕಡತಗಳಲ್ಲಿ ಸೈತಾನನ ಪುಸ್ತಕ ಮತ್ತೆ ಮತ್ತೆ ಬರುತ್ತದೆ, ಅದಕ್ಕೆ ರುಜು ಹಾಕಿದೆಯಾ ಎಂಬುದೇ ವಿಚಾರಣೆಯ ಮುಖ್ಯ ಪ್ರಶ್ನೆ. ಹೋವ್ ಅವರು ಆ ಪುಸ್ತಕದ ಜಾಗದಲ್ಲಿ ಮದ್ದಿನ ಪುಸ್ತಕ ಇಟ್ಟರು, ಶಾಪದ ಜಾಗದಲ್ಲಿ ಹೆಮ್ಮೆ ಇಟ್ಟರು. ಆದರೆ ಚೌಕಟ್ಟು ಹಾಗೇ ಉಳಿಯಿತು. ಇಂಥ ಮನೆಯ ಹೆಣ್ಣುಮಕ್ಕಳಲ್ಲಿ ಬೇರೆಯವರಿಗಿಲ್ಲದ ಒಂದು ಶಕ್ತಿ ಹುಟ್ಟಿನಿಂದಲೇ ಇರುತ್ತದೆ ಎಂದು ಆರೋಪ ಹೊರಿಸಿದವರು ನಂಬಿದ್ದರು. ಕಾದಂಬರಿ ಅದನ್ನು ನಿಜವೆಂದು ತೋರಿಸಿ ಕೊಡುತ್ತದೆ. ವಂಶದ ಗುಟ್ಟನ್ನು ಕಾಗದದಲ್ಲಿ ಕಂಡು, ರಕ್ತದ ಮೇಲಿದ್ದ ಹೆಮ್ಮೆಯೇ ಕುಸಿದುಬೀಳುವುದನ್ನು ನಾವು ‘ವಂಶವೃಕ್ಷ’ದ ಶ್ರೀನಿವಾಸ ಶ್ರೋತ್ರಿಯರಲ್ಲಿ ನೋಡಿದ್ದೇವೆ. ಅಲ್ಲಿ ಗುಟ್ಟು ಬಯಲಾಗುವುದೆಂದರೆ ವಂಶವೆಂಬ ಕಲ್ಪನೆಗೇ ಪೆಟ್ಟು. ಇಲ್ಲಿ ಗುಟ್ಟು ಬಯಲಾದಂತೆಲ್ಲ ವಂಶ ಗಟ್ಟಿಯಾಗುತ್ತ ಹೋಗುತ್ತದೆ.

ಎರಡನೆಯದು ಇನ್ನೂ ಸೂಕ್ಷ್ಮ. ಸೇಲಂನಲ್ಲಿ ಸತ್ತವರು ಯಾರು, ಬದುಕಿದವರು ಯಾರು ಎಂಬುದಕ್ಕೆ ವಿಚಿತ್ರವಾದ ಒಂದು ನಿಯಮವಿತ್ತು. ಹೌದು, ನಾನು ಮಾಟಗಾತಿ ಎಂದು ತಪ್ಪೊಪ್ಪಿಕೊಂಡವರನ್ನು ಇನ್ನಷ್ಟು ಹೆಸರು ಹೊರಡಿಸಲು ಉಳಿಸಿಕೊಂಡರು. ಇಂಥವರು ಐವತ್ತಕ್ಕೂ ಹೆಚ್ಚು. ನೇಣುಗಂಬ ಏರಿದವರೆಲ್ಲ ಕೊನೆಗೆ ಇಲ್ಲ ಎಂದವರು. ಸ್ಯಾಮ್ಯುಯಲ್ ವಾರ್ಡ್‌ವೆಲ್ ಮೊದಲು ಒಪ್ಪಿ, ಆಮೇಲೆ ಆ ಮಾತು ಹಿಂತೆಗೆದುಕೊಂಡ. ಅವನನ್ನೂ ಗಲ್ಲಿಗೆ ಹಾಕಿದರು. ಎಲಿಜಬೆತ್ ಹೋವ್ ತನ್ನ ವಿಚಾರಣೆಯಲ್ಲಿ, ಇದು ತನ್ನ ಕೊನೆಯ ಗಳಿಗೆಯಾದರೂ ತಾನು ನಿರಪರಾಧಿ ಎಂಬುದನ್ನು ದೇವರು ಬಲ್ಲ ಎಂಬ ಅರ್ಥದ ಮಾತಾಡಿದಳು. ಮೇರಿ ಈಸ್ಟಿ ಸಾಯುವ ಮುನ್ನ ಕೊಟ್ಟ ಅರ್ಜಿಯಲ್ಲಿ ತನ್ನ ಜೀವ ಉಳಿಸಿ ಎನ್ನುವುದಿಲ್ಲ, ಇನ್ನಷ್ಟು ನಿರಪರಾಧಿಗಳ ರಕ್ತ ಹರಿಸಬೇಡಿ ಎನ್ನುತ್ತಾಳೆ. ಸುಳ್ಳು ಹೇಳಿ ಆತ್ಮಕ್ಕೆ ದ್ರೋಹ ಮಾಡಲಾರೆ ಎಂಬುದು ಅವಳ ನಿಲುವು. ನಿಜವಾದ ಡೆಲಿವರೆನ್ಸ್ ಡೇನ್ ಇತಿಹಾಸದಲ್ಲಿ ಇದ್ದಾಳೆ. ಅವಳು ಸೇಲಂನವಳಲ್ಲ, ಪಕ್ಕದ ಆಂಡೋವರ್‌ನವಳು, ಅಲ್ಲಿನ ಹಿರಿಯ ಪಾದ್ರಿ ಫ್ರಾನ್ಸಿಸ್ ಡೇನ್‌ನ ಸೊಸೆ. ಆ ಊರಿನಲ್ಲಿ ಆರೋಪ ಬಂದವರು ನಲವತ್ತಕ್ಕೂ ಹೆಚ್ಚು. ಬೇರೆ ಯಾವ ಊರಲ್ಲೂ ಅಷ್ಟಿಲ್ಲ. ಸೆಪ್ಟೆಂಬರ್‌ನಲ್ಲಿ ಊರಿನ ಪ್ರಾರ್ಥನಾ ಮಂದಿರಕ್ಕೆ ಕೆಲವು ಹೆಂಗಸರನ್ನು ಕರೆಸಿ, ಕಣ್ಣಿಗೆ ಬಟ್ಟೆ ಕಟ್ಟಿ, ಬೇನೆ ಬಿದ್ದವರ ಮೇಲೆ ಅವರ ಕೈ ಇಡಿಸಿದರು. ಬೇನೆ ಇಳಿದರೆ ಮಾಟ ಇವರದೇ ಎಂದು ತೀರ್ಮಾನ. ಹಾಗೆ ಹಿಡಿದೊಯ್ದವರಲ್ಲಿ ಡೆಲಿವರೆನ್ಸ್ ಒಬ್ಬಳು. ಅವಳು ಒಪ್ಪಿಕೊಂಡಳು. ಆಮೇಲೆ ಅವಳೂ ಇತರ ಐವರು ಹೆಂಗಸರೂ ರುಜು ಹಾಕಿ ಕೊಟ್ಟ ಹೇಳಿಕೆ ಇಂದಿಗೂ ಇದೆ: ಭಯದಲ್ಲಿ ತಮಗೆ ದಿಕ್ಕು ತೋಚಲಿಲ್ಲ, ಜೀವ ಉಳಿಯಬೇಕಾದರೆ ಒಪ್ಪಿಕೊಳ್ಳುವುದೊಂದೇ ದಾರಿ ಎಂದು ಹತ್ತಿರದ ಬಂಧುಗಳೇ ಒತ್ತಾಯಿಸಿದರು, ಒಪ್ಪಿಕೊಂಡದ್ದೆಲ್ಲ ಸುಳ್ಳು ಎಂಬುದು ಅದರ ತಿರುಳು. ಅವಳು ಬಿಡುಗಡೆಯಾದಳು, ಆಮೇಲೂ ಬಹುಕಾಲ ಬದುಕಿದಳು. ಕಾದಂಬರಿಯ ಡೆಲಿವರೆನ್ಸ್ ಇದಕ್ಕೆ ತದ್ವಿರುದ್ಧ. ಅವಳು ನಿಜವಾಗಿ ಮಾಟ ಬಲ್ಲವಳು, ಗಲ್ಲಿಗೇರುವವಳು. ಸುಳ್ಳು ಹೇಳಿ ಬದುಕಿ, ಆ ಸುಳ್ಳನ್ನು ಬರಹದಲ್ಲಿ ಬಯಲು ಮಾಡಿದ ಹೆಂಗಸಿನ ಹೆಸರನ್ನು ಎತ್ತಿಕೊಂಡು, ನಿಜ ಹೇಳಿ ಸತ್ತವರ ಸಾಲಿನಲ್ಲಿ ನಿಲ್ಲಿಸಿ, ಅವರ ‘ಇಲ್ಲ’ ಎಂಬ ಮಾತನ್ನೇ ಕಾದಂಬರಿ ಅನುಮಾನಕ್ಕೆ ತಳ್ಳುತ್ತದೆ. ಆ ಸಾಲಿನಲ್ಲಿ ಒಬ್ಬಳು ನಿಜವಾದ ಮಾಟಗಾತಿಯಿದ್ದಳು ಎಂದಾದರೆ ನ್ಯಾಯಾಲಯ ಒಂದು ಪ್ರಕರಣದಲ್ಲಾದರೂ ಸರಿಯಾಗಿಯೇ ಗುರಿ ಹೊಡೆದಿತ್ತು ಎಂದಾಯಿತು.

ಇದಕ್ಕೆ ಮೊದಲ ಆಕ್ಷೇಪ ಎಲ್ಲರ ನಾಲಗೆಯ ತುದಿಯಲ್ಲಿ ಇರುವಂಥದ್ದು: ಇದು ಕಾದಂಬರಿ, ಪಿಎಚ್.ಡಿ. ಪ್ರಬಂಧವಲ್ಲ, ಲೇಖಕಿಯೇ ಪುಸ್ತಕದ ಕೊನೆಯ ಟಿಪ್ಪಣಿಯಲ್ಲಿ ಇತಿಹಾಸ ಯಾವುದು, ಕಲ್ಪನೆ ಯಾವುದು ಎಂದು ಬಿಡಿಸಿ ಹೇಳಿದ್ದಾರಲ್ಲ. ಹೇಳಿದ್ದಾರೆ, ಅದು ಅವರ ಪ್ರಾಮಾಣಿಕತೆ. ಕಲ್ಪನೆಯ ಸ್ವಾತಂತ್ರ್ಯದ ಬಗ್ಗೆ ನನ್ನ ತಕರಾರೂ ಇಲ್ಲ. ಆರ್ಥರ್ ಮಿಲ್ಲರ್ ‘ದಿ ಕ್ರೂಸಿಬಲ್’ (1953) ನಾಟಕದಲ್ಲಿ ಹನ್ನೊಂದು ಹನ್ನೆರಡರ ಅಬಿಗೈಲ್‌ಳನ್ನು ಹದಿನೇಳರ ಯುವತಿ ಮಾಡಿದ, ಅರವತ್ತರ ಜಾನ್ ಪ್ರಾಕ್ಟರ್‌ನನ್ನು ನಡುಹರೆಯಕ್ಕೆ ಇಳಿಸಿದ, ಇಬ್ಬರ ನಡುವೆ ದಾಖಲೆಯಲ್ಲಿಲ್ಲದ ಸಂಬಂಧ ಹುಟ್ಟಿಸಿದ. ಇತಿಹಾಸಕಾರರಿಗೆ ಇದು ಇಂದಿಗೂ ಹಲ್ಲಿನ ಸಂದಿಯ ನಾರು. ಹಾಗಿದ್ದೂ ಸೇಲಂನ ಸತ್ತವರ ವಿಷಯದಲ್ಲಿ ಮೂಲವಾದ ಸಂಗತಿಯನ್ನು ಮಿಲ್ಲರ್ ಮುಟ್ಟಲಿಲ್ಲ. ಸುಳ್ಳು ತಪ್ಪೊಪ್ಪಿಗೆಗೆ ಹೆಸರು ಕೊಡಲಾರೆ ಎಂಬ ನಿರಾಕರಣೆಯನ್ನೇ ನಾಟಕದ ಶಿಖರ ಮಾಡಿದ. ವಯಸ್ಸು, ಊರು, ಪ್ರೇಮ ಬದಲಿಸುವುದು ಒಂದು. ಸಾಕ್ಷ್ಯದ ದಿಕ್ಕನ್ನೇ ತಿರುಗಿಸುವುದು ಇನ್ನೊಂದು. ಟಿಪ್ಪಣಿಯಿಂದ ಮೊದಲನೆಯದು ಸರಿಹೋಗುತ್ತದೆ. ಎರಡನೆಯದು ಕಥೆಯ ಹಂದರದಲ್ಲೇ ಇರುವುದರಿಂದ ಹಾಗೆ ಸರಿಹೋಗುವುದಿಲ್ಲ. ಇನ್ನೂ ಹಳೆಯ ಉದಾಹರಣೆ ನನ್ನ ವಾದಕ್ಕೆ ಕೊಂಚ ತೊಡಕಿನದು, ಆದರೂ ಹೇಳಬೇಕು. ಸೇಲಂ ವಿಚಾರಣೆಯ ನ್ಯಾಯಾಧೀಶ ಜಾನ್ ಹೇಥಾರ್ನ್‌ನ ವಂಶದ ನಥಾನಿಯಲ್ ಹಾಥಾರ್ನ್ ‘ದಿ ಹೌಸ್ ಆಫ್ ದಿ ಸೆವೆನ್ ಗೇಬಲ್ಸ್’ (1851) ಬರೆದ. ಅಲ್ಲೂ ಮಾಟದ ಆರೋಪದಲ್ಲಿ ಗಲ್ಲಿಗೇರಿದ ಮಾಲ್ ಎಂಬವನಿದ್ದಾನೆ, ಅವನ ಮನೆತನದಲ್ಲಿ ಎದುರಿನವರ ಮನಸ್ಸನ್ನು ಕಟ್ಟಿಹಾಕುವ ಕಣ್ಣಿನ ಶಕ್ತಿ ಇಳಿದುಬಂದಿದೆ. ಅಂದರೆ ರಕ್ತದ ಮಾಟ ಅಲ್ಲೂ ಉಂಟು. ವ್ಯತ್ಯಾಸವಿರುವುದು ಕೊನೆಯ ವಂಶಜ ಮಾಡುವ ಕೆಲಸದಲ್ಲಿ. ಹುಡುಗಿಯೊಬ್ಬಳು ತನ್ನ ನೋಟಕ್ಕೆ ಸಿಲುಕಿದ್ದಾಳೆಂದು ಗೊತ್ತಾದ ಕ್ಷಣ ಹೋಲ್‌ಗ್ರೇವ್ ಆ ಶಕ್ತಿಯನ್ನು ಬಳಸದೆ ಹಿಂದೆ ಸರಿಯುತ್ತಾನೆ. ಜೊತೆಗೆ ಹಾಥಾರ್ನ್‌ನ ಕಣ್ಣೆಲ್ಲ ಇರುವುದು ಜಮೀನು ಕಿತ್ತುಕೊಂಡ ಪಿಂಚನ್ ಮನೆತನದ ಪಾಪದ ಮೇಲೆ. ಹೋವ್ ಅವರ ಕಾನಿಯಾದರೋ ಪ್ರೀತಿಸಿದವನನ್ನು ಉಳಿಸಿಕೊಳ್ಳಲು ಮಂತ್ರಕ್ಕೇ ಕೈ ಹಾಕುತ್ತಾಳೆ, ಅದು ಫಲಿಸುತ್ತದೆ, ಓದುಗರು ನಿಟ್ಟುಸಿರು ಬಿಟ್ಟು ಸಂತೋಷಪಡುತ್ತಾರೆ. ಕೇಡಿಗನಾಗಿ ಉಳಿಯುವುದು ಒಬ್ಬ ದುರಾಸೆಯ ಪ್ರೊಫೆಸರ್ ಮಾತ್ರ. ಸ್ಟೌಟನ್‌ನ ವಾರಸುದಾರರು ಯಾರೆಂದು ಕಾದಂಬರಿ ಕೇಳುವುದೇ ಇಲ್ಲ.

ಎರಡನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. 1692ರ ಜನ ಮಾಟವನ್ನು ನಂಬಿದ್ದರು, ಆರೋಪಿಗಳೂ ನಂಬಿದ್ದರು. ಇಂದಿನ ವಿಚಾರವಾದಿಯ ಕನ್ನಡಕ ಹಾಕಿಕೊಂಡು ಅವರೆಲ್ಲರನ್ನೂ ಭ್ರಮೆಗೊಳಗಾದವರೆಂದು ತೋರಿಸುವುದು ಅವರಿಗೆ ಮಾಡುವ ಇನ್ನೊಂದು ಅನ್ಯಾಯ, ಮಾಟ ನಿಜವೆಂದುಕೊಂಡು ಬರೆದರೆ ಮಾತ್ರ ಆ ಕಾಲದ ಮನಸ್ಸಿನ ಒಳಗೆ ಹೋಗಲು ಸಾಧ್ಯ ಎಂಬುದು ಈ ವಾದ. ಇದರ ಅರ್ಧವನ್ನು ನಾನು ಒಪ್ಪುತ್ತೇನೆ. ಕೀತ್ ಥಾಮಸ್ 1971ರ ತಮ್ಮ ದೊಡ್ಡ ಗ್ರಂಥದಲ್ಲಿ ತೋರಿಸಿಕೊಟ್ಟಂತೆ ಇಂಗ್ಲೆಂಡಿನ ಹಳ್ಳಿಹಳ್ಳಿಯಲ್ಲೂ ಕಳೆದ ವಸ್ತು ಹುಡುಕಿ ಕೊಡುವ, ದೃಷ್ಟಿ ತೆಗೆಯುವ, ಮದ್ದು ಮಂತ್ರ ಎರಡನ್ನೂ ಬಲ್ಲ ಜನ ಇದ್ದರು. ಆ ರೂಢಿ ಹಡಗು ಹತ್ತಿ ಅಮೆರಿಕಕ್ಕೂ ಬಂತು. ಸೇಲಂನಲ್ಲೇ ನೋಡಿ: ಹುಡುಗಿಯರ ಬೇನೆಗೆ ಕಾರಣ ಯಾರೆಂದು ಪತ್ತೆ ಮಾಡಲು ನೆರೆಯ ಮೇರಿ ಸಿಬ್ಲಿಯ ಸಲಹೆಯಂತೆ ರೈ ಹಿಟ್ಟಿಗೆ ಅವರ ಮೂತ್ರ ಬೆರೆಸಿ ರೊಟ್ಟಿ ಸುಟ್ಟು ನಾಯಿಗೆ ಹಾಕಿದರು. ಬೆವರ್ಲಿಯ ಡಾರ್ಕಸ್ ಹೋರ್ ಎಂಬ ಹೆಂಗಸು ಕೈ ನೋಡಿ ಭವಿಷ್ಯ ಹೇಳುತ್ತಿದ್ದಳು, ಅವಳ ಹತ್ತಿರ ಹಸ್ತಸಾಮುದ್ರಿಕೆಯ ಪುಸ್ತಕವಿತ್ತೆಂದು ಪಾದ್ರಿ ಜಾನ್ ಹೇಲ್ ಸಾಕ್ಷಿ ಹೇಳಿದ. ಕಾದಂಬರಿಗಾರ್ತಿಗೆ ಬೇಕಾಗಿದ್ದ ಹೆಂಗಸು ಕಡತದಲ್ಲೇ ಸಿದ್ಧವಾಗಿದ್ದಳು, ಪುಸ್ತಕದ ಸಮೇತ! ಅವಳಿಗೂ ಮರಣದಂಡನೆಯಾಯಿತು, ಗಲ್ಲಿನ ಹಿಂದಿನ ದಿನ ತಪ್ಪೊಪ್ಪಿಕೊಂಡಳು, ಬದುಕಿದಳು. ಆಕ್ಷೇಪ ಎಡವುವುದು ಇಲ್ಲೇ. ಹಳ್ಳಿಯ ಜನಕ್ಕೆ ಗೊತ್ತಿದ್ದ ಮಾಟ ಬೇರೆ, ನ್ಯಾಯಾಲಯ ಹುಡುಕುತ್ತಿದ್ದ ಮಾಟ ಬೇರೆ. ಒಂದು ಕಲಿತು ಮಾಡುವ ಕಸುಬು, ಇನ್ನೊಂದು ಸೈತಾನನ ಜೊತೆಗಿನ ಕರಾರು ಮತ್ತು ಮೈಯಲ್ಲಿ ಅಂಟಿದ ಕೇಡು. ಇಟಲಿಯ ಕಾರ್ಲೋ ಗಿನ್ಸ್‌ಬರ್ಗ್ 1966ರಲ್ಲಿ ಫ್ರಿಯೂಲಿ ಪ್ರಾಂತದ ರೈತರ ಕಥೆ ಬರೆದರು. ಬೆಳೆ ಕಾಯಲು ರಾತ್ರಿ ಆತ್ಮರೂಪದಲ್ಲಿ ಹೋಗಿ ಮಾಟಗಾರರ ವಿರುದ್ಧ ಹೋರಾಡುತ್ತೇವೆ ಎಂದುಕೊಂಡಿದ್ದ ಆ ಜನ, ಧರ್ಮವಿಚಾರಣೆಯ ಅಧಿಕಾರಿಗಳ ಪ್ರಶ್ನೆಗಳಿಗೆ ದಶಕಗಳ ಕಾಲ ಉತ್ತರಿಸುತ್ತ ಉತ್ತರಿಸುತ್ತ, ಕೊನೆಗೆ ತಾವೇ ಮಾಟಗಾರರೆಂದು ಒಪ್ಪಿಕೊಳ್ಳುವ ಹಂತಕ್ಕೆ ಬಂದರು. ಒಂದು ಕಾಲದ ನಂಬಿಕೆಯನ್ನು ಗೌರವಿಸುವ ಬರಹಗಾರ ಮೊದಲು ಕೇಳಬೇಕಾದ್ದು ಯಾರ ನಂಬಿಕೆ ಎಂದು. ಮದ್ದಿನ ಪುಸ್ತಕ ಹಳ್ಳಿಯ ಹೆಂಗಸಿನದು. ಬೆರಳ ತುದಿಯಲ್ಲಿ ಜುಮ್ಮೆನ್ನುವ ಹುಟ್ಟುಶಕ್ತಿ ನ್ಯಾಯಾಧೀಶನದು. ಹೋವ್ ಅವರ ಕಾದಂಬರಿ ಮೊದಲನೆಯದರಿಂದ ಶುರುವಾಗಿ ಎರಡನೆಯದರಲ್ಲಿ ಮುಗಿಯುತ್ತದೆ.

ಮೂರನೆಯದು ಸ್ತ್ರೀವಾದದ ಕಡೆಯಿಂದ ಬರುವ ಆಕ್ಷೇಪ. ಮುನ್ನೂರು ವರ್ಷ ಬಲಿಪಶುಗಳಾಗಿಯೇ ನೆನಪಿನಲ್ಲಿದ್ದ ಹೆಂಗಸರಿಗೆ ಶಕ್ತಿ ಕೊಟ್ಟರೆ ತಪ್ಪೇನು ಎನ್ನುತ್ತಾರೆ. ಮಾಟಗಾತಿ ಬೇಟೆಯೆಂದರೆ ಸೂಲಗಿತ್ತಿಯರ, ಮದ್ದು ಬಲ್ಲ ಹೆಂಗಸರ ಮೇಲೆ ಗಂಡು ವೈದ್ಯರು ನಡೆಸಿದ ದಾಳಿ ಎಂಬ ವಿವರಣೆ 1973ರಲ್ಲಿ ಬಾರ್ಬರಾ ಎರೆನ್‌ರೈಕ್ ಮತ್ತು ಡೀಡ್ರೆ ಇಂಗ್ಲಿಷ್ ಬರೆದ ಕಿರುಹೊತ್ತಗೆಯಿಂದ ಜನಜನಿತವಾಯಿತು. ಕೇಳಲು ಅದು ನ್ಯಾಯವಾಗಿಯೇ ಇದೆ, ದಾಖಲೆ ಮಾತ್ರ ಒಗ್ಗುವುದಿಲ್ಲ. ಸೂಲಗಿತ್ತಿಯರು ಆರೋಪಿಗಳಾದದ್ದಕ್ಕಿಂತ ಸಾಕ್ಷಿಗಳಾಗಿ, ಆರೋಪಿಗಳ ಮೈ ತಪಾಸಣೆ ಮಾಡುವವರಾಗಿ ಬಂದದ್ದೇ ಹೆಚ್ಚು ಎಂದು ಡೇವಿಡ್ ಹಾರ್ಲಿ 1990ರಲ್ಲಿ ತೋರಿಸಿದರು. ಸೇಲಂನಲ್ಲಿ ಸತ್ತ ರೆಬೆಕಾ 71 ವರ್ಷದ ದೈವಭಕ್ತೆ. ಸಾರಾ ಗುಡ್ ತಿರುಕಿ. ಎಲಿಜಬೆತ್ ಹೋವ್‌ಳ ಗಂಡ ಕುರುಡ; ಹೆಂಡತಿ ಸೆರೆಯಲ್ಲಿದ್ದಷ್ಟು ದಿನ ವಾರಕ್ಕೆರಡು ಸಲ ಮಗಳೊಬ್ಬಳ ಕೈ ಹಿಡಿದು ಅವಳಿಗೆ ಬೇಕಾದ್ದನ್ನು ತಲುಪಿಸಲು ಹೋಗುತ್ತಿದ್ದನೆಂದು ಆ ಹೆಣ್ಣುಮಕ್ಕಳು ನಂತರದ ಅರ್ಜಿಯಲ್ಲಿ ಬರೆದಿದ್ದಾರೆ. ಇವರಲ್ಲಿ ಶಕ್ತಿ ಇರಲಿಲ್ಲವೇ? ಇತ್ತು. ಸುಳ್ಳೊಂದು ಹೇಳಿದ್ದರೆ ಉಳಿಯಬಹುದಾಗಿದ್ದ ಜೀವವನ್ನು ಬಿಟ್ಟುಕೊಟ್ಟದ್ದು ಆ ಶಕ್ತಿ. ಅದಕ್ಕಿಂತ ದೊಡ್ಡದನ್ನು ಅವರಿಗೆ ದಯಪಾಲಿಸುತ್ತೇವೆ ಎಂದು ಹೊರಡುವುದು, ಅವರಲ್ಲಿದ್ದದ್ದು ಸಾಲದು ಎಂದ ಹಾಗೆ. ಜೊತೆಗೆ ಈ ಮಾತು ನಮ್ಮ ದೇಶದಲ್ಲಿ ಬರೀ ಸಾಹಿತ್ಯದ ಮಾತಲ್ಲ. ಹೆಂಗಸೊಬ್ಬಳನ್ನು ಡಾಯನ್ (ಮಾಟಗಾತಿ) ಎಂದು ಗುರುತಿಸಿ ಹೇಳುವುದನ್ನೇ ಅಪರಾಧ ಮಾಡುವ ಕಾನೂನು ಬಿಹಾರದಲ್ಲಿ 1999ರಲ್ಲಿ ಬಂತು. ಅಸ್ಸಾಮಿನಲ್ಲಿ ಇಂಥ ಆರೋಪಗಳ ವಿರುದ್ಧ ದಶಕಗಳ ಕಾಲ ಊರೂರು ತಿರುಗಿದ ಬಿರುಬಾಲಾ ರಾಭಾ, ತಾವೇ ಆ ಹಣೆಪಟ್ಟಿ ಹೊತ್ತು ಹಿಂಸೆ ಉಂಡ ಜಾರ್ಖಂಡದ ಛುಟ್ನಿ ದೇವಿ, ಇಬ್ಬರಿಗೂ 2021ರಲ್ಲಿ ಪದ್ಮಶ್ರೀ ಬಂತು. ಬೀದರ್, ಕಲಬುರಗಿಯ ಕಡೆಯವರಿಗೆ ಭಾನಾಮತಿಯ ಹೆಸರಲ್ಲಿ ನಡೆದದ್ದನ್ನು ಹೇಳಿಕೊಡಬೇಕಾಗಿಲ್ಲ. ಇವಳ ಅಜ್ಜಿಯೂ ಹಾಗೇ ಇದ್ದಳು ಎಂಬ ಮಾತಿಗೆ ಇನ್ನೂ ಕೊಲ್ಲುವ ಬಲವಿರುವಲ್ಲಿ, ಅದೇ ಮಾತನ್ನು ವರವೆಂಬಂತೆ ಓದಿ ಸಂತೋಷಪಡುವುದು ನನಗಂತೂ ಕಷ್ಟ.

ಹಾಗಾದರೆ ಮಾಟ, ಸಂಶೋಧನೆ, ಮನೆತನದ ಗುಟ್ಟು ಮೂರೂ ಸೇರಿದ ಕಾದಂಬರಿ ಬೇಡವೇ? ಖಂಡಿತ ಬೇಕು, ಮತ್ತು ಅದಕ್ಕೆ ಬೇಕಾದ ಸರಕನ್ನೆಲ್ಲ ಆಂಡೋವರ್‌ನ ಕಡತವೇ ಒದಗಿಸುತ್ತದೆ. ಡೇನ್ ಮನೆತನದ ಗುಟ್ಟು ಮಾಟದಲ್ಲಿಲ್ಲ, ತಪ್ಪೊಪ್ಪಿಗೆಯಲ್ಲಿದೆ. ಗಂಡಂದಿರು, ಅಣ್ಣಂದಿರು ಬಂದು ಒಪ್ಪಿಕೋ ಎಂದು ಹೆಂಗಸರ ಕಾಲು ಹಿಡಿದದ್ದು, ಒಪ್ಪಿಕೊಂಡವರು ನೆರೆಯವರ ಹೆಸರು ಹೇಳಿದ್ದು, ಆಮೇಲೆ ಅದೇ ನೆರೆಯವರ ಜೊತೆ ಅದೇ ಪ್ರಾರ್ಥನಾ ಮಂದಿರದಲ್ಲಿ ವರ್ಷಗಟ್ಟಲೆ ಕೂತದ್ದು. ಮಾರ್ಗರೆಟ್ ಜೇಕಬ್ಸ್ ಎಂಬ ಹುಡುಗಿ ಹೆದರಿ ತನ್ನ ತಾತನ ಮೇಲೆಯೇ ಹೇಳಿಕೆ ಕೊಟ್ಟಳು, ಆಮೇಲೆ ಮನಸ್ಸು ಕೊರೆದು ಹಿಂತೆಗೆದುಕೊಂಡಳು; ತಾತ ಜಾರ್ಜ್ ಜೇಕಬ್ಸ್‌ನನ್ನು ಹಾಗಿದ್ದೂ ಆಗಸ್ಟ್ 19ರಂದು ಗಲ್ಲಿಗೆ ಹಾಕಿದರು. ಇಂಥ ಮನೆಗಳಲ್ಲಿ ಮೊಮ್ಮಕ್ಕಳಿಗೆ ಏನು ಹೇಳಿದರು, ಏನು ಹೇಳದೆ ಬಿಟ್ಟರು ಎಂಬುದು ಕಾದಂಬರಿಕಾರರ ಹೊಲ. ಇತಿಹಾಸಕಾರರು ಅಲ್ಲಿ ಕಾಲಿಡಲಾರರು. ರಕ್ತದ ವಾದ ಎಲ್ಲಿ ಸೋಲುತ್ತದೆ ಎಂಬುದಕ್ಕೂ ಆ ಮನೆತನದಲ್ಲೇ ಉದಾಹರಣೆ ಇದೆ. ಡೆಲಿವರೆನ್ಸ್‌ಳ ನಾದಿನಿಯ ಮಗಳು ಎಲಿಜಬೆತ್ ಜಾನ್ಸನ್, ಇಪ್ಪತ್ತರ ಆಸುಪಾಸಿನ ಹುಡುಗಿ, ತಪ್ಪೊಪ್ಪಿಕೊಂಡಿದ್ದಳು. 1693ರ ಜನವರಿಯಲ್ಲಿ ಅವಳಿಗೆ ಮರಣದಂಡನೆಯಾಗಿ, ಫಿಪ್ಸ್ ತಡೆದದ್ದರಿಂದ ಜೀವ ಉಳಿಯಿತು. 1711ರಲ್ಲಿ ವಸಾಹತು ಸರ್ಕಾರ ಅನೇಕರ ಮೇಲಿನ ಶಿಕ್ಷೆ ರದ್ದು ಮಾಡಿ ಕುಟುಂಬಗಳಿಗೆ 578 ಪೌಂಡಿನಷ್ಟು ಪರಿಹಾರ ಹಂಚಿದಾಗ ಅವಳ ಹೆಸರು ಪಟ್ಟಿಯಲ್ಲಿರಲಿಲ್ಲ. 1957ರಲ್ಲೂ 2001ರಲ್ಲೂ ಉಳಿದವರ ಹೆಸರಿಗಂಟಿದ ಕಳಂಕ ತೊಳೆಯುವ ನಿರ್ಣಯಗಳಾದವು, ಆಗಲೂ ಇರಲಿಲ್ಲ. ಅವಳು ಮದುವೆಯಾಗಿರಲಿಲ್ಲ, ಮಕ್ಕಳಿರಲಿಲ್ಲ. ನಮ್ಮಜ್ಜಿ ಎಂದು ಅರ್ಜಿ ಹಿಡಿದು ಬರುವ ವಂಶಜರು ಯಾರೂ ಇರಲಿಲ್ಲ. ಕೊನೆಗೆ 2022ರಲ್ಲಿ ಮ್ಯಾಸಚೂಸೆಟ್ಸ್ ಶಾಸನಸಭೆ ಅವಳನ್ನು ನಿರ್ದೋಷಿ ಎಂದಿತು. ದಾಖಲೆ ಓದಿ, ಕರಡು ತಯಾರಿಸಿ, ಜನಪ್ರತಿನಿಧಿಗಳಿಗೆ ಬರೆದು ಅದನ್ನು ಅಲ್ಲಿಗೆ ಮುಟ್ಟಿಸಿದವರು ನಾರ್ತ್ ಆಂಡೋವರ್‌ನ ಶಾಲೆಯೊಂದರ ಎಂಟನೆಯ ತರಗತಿಯ ಮಕ್ಕಳು ಮತ್ತು ಅವರ ಶಿಕ್ಷಕಿ. ಅವರಿಗೆ ಅವಳ ಜೊತೆ ಇದ್ದ ಸಂಬಂಧ ಕಾಗದದ್ದು ಮಾತ್ರ.